ಕೋರಾಕ್ಕೆ ಬಿರಡೆ ಬಂದ ಬಗೆ

12 ಆಗಸ್ಟ್ 2024, ಸೋಮವಾರ

ಮಳೆ ಹಿಡಿದರೆ ತೊಗಲಿನ ವಾದ್ಯಗಳ ಶ್ರುತಿ ಇಳಿಯುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲೂ ಮಳೆಗಾಲ ಬಂದರೆ ಅಲ್ಲಿನ ತಂತಿವಾದ್ಯ ಕೋರಾಕ್ಕೆ ಇದೇ ಪಾಡು. ರಾಜಧಾನಿ ಡಾಕರ್‌ನಿಂದ ಸುಮಾರು 50 ಕಿ.ಮೀ. ದೂರದ ಕೆರ್ ಮೂಸಾ ಮಠದ ಬೆನೆಡಿಕ್ಟೀನ್ ಪಂಥದ ಕ್ಯಾಥೊಲಿಕ್ ಸನ್ಯಾಸಿಗಳು ಈ ವಾದ್ಯಕ್ಕೆ ಮಾಡಿದ ಕೆಲಸವನ್ನು ನಮ್ಮ ಸಂಗೀತಗಾರರೂ ತಿಳಿದಿರಬೇಕು.

ಚರ್ಚಿನ ಹಳೆಯ ಲ್ಯಾಟಿನ್ ಹಾಡಿಕೆಯಾದ ಗ್ರೆಗೋರಿಯನ್ ಗಾಯನಕ್ಕೆ ಮರುಜೀವ ಕೊಟ್ಟ ಫ್ರಾನ್ಸಿನ ಸೊಲೆಮ್ ಮಠದಿಂದ 1961ರಲ್ಲಿ ಬಂದವರು ಇವರು. ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ಸ್ಥಳೀಯ ಸಂಗೀತದ ಬಾಗಿಲು ತೆರೆಯಿತು. ಮಠದ ಗಾಯನದ ಹೊಣೆ ಹೊತ್ತಿದ್ದ ಫಾದರ್ ಡೊಮಿನಿಕ್ ಕಟ್ಟಾ, ಮಂಡಿಂಕಾ ಜನಾಂಗದ ಗಾಯಕ ಮನೆತನಗಳ ಕೋರಾವನ್ನು ಚರ್ಚಿನ ಬಲಿಪೂಜೆಗೆ (ಮಾಸ್) ತಂದರು.

ಕೋರಾದ ಒಡಲು ದೊಡ್ಡದೊಂದು ಸೋರೆಬುರುಡೆಯ ಅರ್ಧ ಹೋಳು. ಅದನ್ನು ತೂರಿಕೊಂಡು ಗಟ್ಟಿಮರದ ದಂಡಿ ಹಾಯುತ್ತದೆ. ಹಸುವಿನ ಹಸಿ ತೊಗಲನ್ನು ನೀರಲ್ಲಿ ನೆನೆಸಿ, ಮೆತ್ತಗಿರುವಾಗಲೇ ಬುರುಡೆಯ ಬಾಯಿಗೆ ಬಿಗಿದು, ಸುತ್ತ ಮೊಳೆ ಹೊಡೆಯುತ್ತಾರೆ. ಹಿಡಿದುಕೊಳ್ಳುವ ಎರಡು ಕೋಲು, ಒಂದು ಅಡ್ಡಪಟ್ಟಿ ತೊಗಲಿನಡಿಯಲ್ಲೇ ಕೂರಬೇಕು. ಒಣಗಿದ ಮೇಲೆ ತೂರಿಸಲು ಬರುವುದಿಲ್ಲ. ತೊಗಲು ಒಣಗುತ್ತ ಕುಗ್ಗುವಾಗಿನ ಎಳೆತ ಬಲು ಜೋರು. ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆಗಲೇ ಸೀಳುತ್ತದೆ.

ಒಟ್ಟು 21 ತಂತಿ: ಎಡಕ್ಕೆ 11, ಬಲಕ್ಕೆ 10. ಹಿಂದೆ ತೊಗಲಿನ ಎಳೆ ಇತ್ತು, ಈಗ ಮೀನು ಹಿಡಿಯುವ ನೈಲಾನ್ ದಾರ. ತಂತಿಗಳನ್ನು ಎತ್ತಿ ಹಿಡಿಯುವ ಎತ್ತರದ ಆಸರೆಗೆ ಕುದುರೆ ಎನ್ನುತ್ತಾರೆ; ಅದರ ಎರಡೂ ಅಂಚಿನ ಕಚ್ಚುಗಳಲ್ಲಿ ಇವು ಕೂರುತ್ತವೆ. ಕುದುರೆಗೆ ಅಂಟಿಲ್ಲ, ತಂತಿಯ ಒತ್ತಡದಿಂದಲೇ ನಿಲ್ಲುತ್ತದೆ. ಆದ್ದರಿಂದ ತಂತಿ ಬದಲಿಸುವಾಗ ಒಂದೊಂದೇ ಬಿಚ್ಚಬೇಕು. ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಮಗುಚಿ ಬೀಳುತ್ತದೆ.

ಮಠಕ್ಕೆ ತೊಡಕಾದದ್ದು ಶ್ರುತಿ. ಸಾಂಪ್ರದಾಯಿಕ ಕೋರಾದಲ್ಲಿ ದಂಡಿಗೆ ಸುತ್ತಿದ ಹೆಣೆದ ತೊಗಲಿನ ಉಂಗುರಗಳನ್ನು ತಿರುಚಿ ಮೇಲೆ ಕೆಳಗೆ ಸರಿಸಿ ಸ್ವರ ಕೂಡಿಸುತ್ತಾರೆ. ಅದಕ್ಕೆ ಕೈಬಲವೂ ಬೇಕು, ಹೊತ್ತೂ ಬೇಕು. ಒಂದು ತಂತಿಗೆ ಒಂದೇ ಸ್ವರ, ವೀಣೆಗಿರುವಂಥ ಮೆಟ್ಟಿಲು ಇದಕ್ಕಿಲ್ಲ. ಒಂದು ಸ್ಥಾಯಿಗೆ ಏಳು ತಂತಿ. ಹೀಗಾಗಿ ಕೀರ್ತನೆಯ ಧಾಟಿ ಬದಲಾದರೆ ಒಂದು ಸ್ವರಕ್ಕೆ ಎರಡು ಮೂರು ತಂತಿಗಳನ್ನಾದರೂ ಮರುಕೂಡಿಸಬೇಕು. ದಿನಕ್ಕೆ ಹಲವು ಬಾರಿ ಪ್ರಾರ್ಥನೆಗೆ ಸೇರುವ ಮಠದಲ್ಲಿ ಉಂಗುರಗಳೊಂದಿಗೆ ಗುದ್ದಾಡಲು ಪುರುಸೊತ್ತೆಲ್ಲಿ? ಮಠದ ಕಮ್ಮಟದಲ್ಲಿ ಉಂಗುರಗಳ ಜಾಗಕ್ಕೆ, ತಿರುಗಿಸಿ ತಂತಿ ಬಿಗಿಯುವ ಬಿರಡೆ ಬಂತು.

ಮರದ ಬಿರಡೆಗೆ ಅದರದ್ದೇ ತಾಪತ್ರಯವಿದೆ. ಒಣಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ತೇವಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಸಾಲಾಗಿ 21 ತೂತು ಬಿದ್ದ ದಂಡಿ ದುರ್ಬಲವೂ ಆಗುತ್ತದೆ, ಅದಕ್ಕೇ ಮರದ ಆಯ್ಕೆಯಲ್ಲಿ ರಾಜಿ ಸಲ್ಲದು. ಇಷ್ಟಾದರೂ ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ಎಣಿಕೆ. ಬುರುಡೆ, ತೊಗಲು, ಕುದುರೆ, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ಮೀಟು, ಯಾವುದನ್ನೂ ಅವರು ಕದಲಿಸಲಿಲ್ಲ.

ಅದಕ್ಕಿಂತ ದೊಡ್ಡ ಕೆಲಸ ಬರವಣಿಗೆಯದು. ಅಪ್ಪನಿಂದ ಮಗನಿಗೆ ಕಿವಿಯಿಂದಲೇ ಬರುತ್ತಿದ್ದ ವಿದ್ಯೆಗೆ ಮಠದವರು ಸ್ವರಲಿಪಿ ಕಟ್ಟಿದರು, ಕಲಿಕೆಯ ಪುಸ್ತಕ ತಂದರು. ಮನೆತನದ ಹೊರಗಿನವರೂ ಈಗ ಅಭ್ಯಾಸಕ್ಕೆ ಕೂರಬಹುದು. ಮನೆತನದ ವಾದಕರಲ್ಲಿ ಉಂಗುರದ ಕೋರಾ ಇನ್ನೂ ಬಳಕೆಯಲ್ಲಿದೆ. ಕೊಳ್ಳುವವರು ಯಾವ ಬಗೆಯದೆಂದು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಶ್ರುತಿ ಕೂಡಿಸುವ ಅಭ್ಯಾಸ ಎರಡಕ್ಕೂ ಬೇರೆ.