ಯೆಜ್ಡಿಯ ಕ್ಲಚ್ ಕವರ್‌ನಲ್ಲಿ ಮುಖ ಕಾಣೋವರೆಗೆ

ಮೊನ್ನೆ ರೇಷನ್ ಅಂಗಡಿಯಲ್ಲಿ ಮೂರು ಸಲ ಹೆಬ್ಬೆರಳು ಒತ್ತಿದರೂ ಮಷೀನ್ ಒಪ್ಪಲಿಲ್ಲ. ಬೇರೆ ಬೆರಳಿಟ್ಟೆ, ಅದೂ ಆಗಲಿಲ್ಲ. ಅಂಗಡಿಯವನು ನನ್ನ ಕೈ ನೋಡಿ "ಏನ್ ಕೆಲಸ ಮಾಡ್ತೀರಿ, ಗೌಂಡಿ ಕೆಲಸೇನ್ರಿ?" ಅಂದ. ನಾಲ್ಕು ದಿನದಿಂದ ಅಪ್ಪನ ಹಳೆ ಯೆಜ್ಡಿ ಬೈಕಿನ ಕ್ಲಚ್ ಕವರ್, ಅಂದರೆ ಎಂಜಿನ್ ಪಕ್ಕದ ಅಲ್ಯೂಮಿನಿಯಂ ಮುಚ್ಚಳ, ಉಜ್ಜುತ್ತಾ ಕೂತಿದ್ದೇನೆ ಅಂತ ಹೇಳೋಕೆ ನಾಚಿಕೆಯಾಗಿ ಸುಮ್ನೆ ನಕ್ಕೆ. ಮರುದಿನ ಅವ್ವನನ್ನು ಕರೆದುಕೊಂಡು ಹೋಗಿ ಅಕ್ಕಿ ತಂದೆ. ಬೆರಳಿನ ಗೆರೆಗಳೂ ವಾಟರ್ ಪೇಪರಿಗೆ, ಅಂದರೆ ನೀರಲ್ಲಿ ಅದ್ದಿ ಉಜ್ಜೋ ಉಪ್ಪು ಕಾಗದಕ್ಕೆ, ಸವೆದು ಹೋಗಿದ್ದವು.

ಗಾಡಿ ರೋಡ್‌ಕಿಂಗ್, 250 ಸಿಸಿ, ಮೈಸೂರಿನ ಐಡಿಯಲ್ ಜಾವಾದ್ದು. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಕವರ್ ಹಾಳಾದರೆ ಆ ಕಾರ್ಖಾನೆಯದೇ ಹೊಸದು ಸಿಗೋದು ಕಷ್ಟ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಎರಡೂ ಒಂದೇ ಲಿವರ್, ಅದೂ ಎಡಗಡೆ. ಮೂವತ್ತು ವರ್ಷದ ಬೂಟು, ಚಪ್ಪಲಿ ಎಲ್ಲಾ ಆ ಕ್ಲಚ್ ಕವರಿಗೇ ತಿಕ್ಕಿದೆ. ಸಾಲದ್ದಕ್ಕೆ ಅಪ್ಪ ಪ್ರತಿ ದಸರಾಕ್ಕೆ ಒಂದು ಕೈ ಸಿಲ್ವರ್ ಪೇಂಟ್ ಬಳಿಯುತ್ತಿದ್ದರು. ಬಣ್ಣ ಕಿತ್ತಾಗ ಒಳಗೆ ದಸರಾಗಳು ಪದರ ಪದರವಾಗಿ ಕಂಡವು.

ಎರಡು ವರ್ಷದ ಹಿಂದೆ ಬಲಗಡೆ ಕವರನ್ನು ಇಲ್ಲೇ ಒಂದು ಬಫಿಂಗ್ ಅಂಗಡಿಗೆ, ಅಂದರೆ ತಿರುಗೋ ಬಟ್ಟೆ ಚಕ್ರಕ್ಕೆ ಹಿಡಿದು ಹೊಳಪು ಕೊಡೋರಿಗೆ, ಕೊಟ್ಟಿದ್ದೆ. ಒಂದು ಗಂಟೆಯಲ್ಲಿ ವಾಪಸ್ ಕೊಟ್ಟರು. ನೆರಳಲ್ಲಿ ಫಳಫಳ ಅಂತಿತ್ತು. ಹೊರಗೆ ತಂದು ಬಿಸಿಲಿಗೆ ಹಿಡಿದರೆ ಹೊಳಪಿನ ಕೆಳಗೆ ಗೀರುಗಳೆಲ್ಲಾ ಹಾಗೇ ಕೂತಿವೆ, ಅಂಚುಗಳು ಕರಗಿದ ಸಾಬೂನಿನ ಥರ ದುಂಡಗಾಗಿವೆ, ಸ್ಕ್ರೂ ತೂತುಗಳ ಬಾಯಿ ಎಳೆದಂತಾಗಿದೆ. ಅವತ್ತು ಅರ್ಥವಾಯಿತು, ಹೊಳಪು ಬರೋದು ಚಕ್ರದಿಂದಲ್ಲ, ಅದಕ್ಕಿಂತ ಮುಂಚೆ ಕಾಗದದಿಂದ. ಗೀರು ಉಳಿದಿದ್ದರೆ ಚಕ್ರ ಆ ಗೀರನ್ನೂ ಹೊಳೆಸುತ್ತದೆ, ಅಷ್ಟೇ.

ಹಾಗಾಗಿ ಈ ಸಲ ನಾನೇ ಕೂತೆ. ಬಣ್ಣ ತೆಗೆಯೋಕೆ ಪೇಂಟ್ ರಿಮೂವರ್ ಸಾಕು. ಯಾರೋ ಕಾಸ್ಟಿಕ್ ಸೋಡಾ ಹಾಕು ಅಂದರು, ಒಳಬದಿಯ ಒಂದು ಮೂಲೆಗೆ ಹಚ್ಚಿ ನೋಡಿದೆ. ಬುರುಬುರು ಗುಳ್ಳೆ ಎದ್ದು ಅಲ್ಯೂಮಿನಿಯಂ ಕರ್ರಗಾಯಿತು. ಅದು ಬಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಅಲ್ಯೂಮಿನಿಯಂಗೆ ಅದನ್ನು ಮುಟ್ಟಿಸಲೇಬೇಡಿ.

ಆಮೇಲೆ ಕಾಗದ. 220, 320, 400, 600, 800, 1000, 1500, 2000, ನಂಬರ್ ಏರಿದಷ್ಟೂ ಕಾಗದ ನುಣುಪು. ಎಲ್ಲಾ ನೀರಲ್ಲಿ, ನೀರಿಗೆ ಪಾತ್ರೆ ತೊಳೆಯೋ ಸೋಪು ಎರಡು ಹನಿ. ಒಣ ಕಾಗದದಲ್ಲಿ ಉಜ್ಜಿದರೆ ಅಲ್ಯೂಮಿನಿಯಂ ಮೆತ್ತಗಿನದು ಅಲ್ವಾ, ಕಾಗದದ ಹಲ್ಲಿಗೆ ಸಿಕ್ಕಿಕೊಂಡು ಅದೇ ಉಂಡೆಗಳು ಮತ್ತೆ ಹೊಸ ಗೀರು ಎಳೆಯುತ್ತವೆ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನಷ್ಟಗಲ ತಗ್ಗು ಬೀಳುತ್ತದೆ, ಅದಕ್ಕೆ ಹಳೆ ಹವಾಯಿ ಚಪ್ಪಲಿಯ ಒಂದು ತುಂಡು ಕತ್ತರಿಸಿ ಅದಕ್ಕೆ ಕಾಗದ ಸುತ್ತಿಕೊಂಡೆ. ಉಬ್ಬಿಗೂ ಬಾಗುತ್ತದೆ, ಸಪಾಟಿಗೂ ಕೂರುತ್ತದೆ. ಗ್ಯಾಸ್ಕೆಟ್ ಕೂರೋ ಅಂಚಿಗೆ ಮಾತ್ರ ಕಾಗದ ಮುಟ್ಟಿಸಬೇಡಿ, ಆಯಿಲ್ ಸೋರುತ್ತದೆ.

ನಂಬರ್ ಬದಲಾದಾಗಲೆಲ್ಲ ಉಜ್ಜೋ ದಿಕ್ಕು ಬದಲಿಸಬೇಕು. 320ರಲ್ಲಿ ಅಡ್ಡ ಉಜ್ಜಿದರೆ 400ರಲ್ಲಿ ಉದ್ದ. ಅಡ್ಡ ಗೆರೆ ಒಂದೂ ಕಾಣಬಾರದು, ಆಗಲೇ 400 ಮುಗಿದಂತೆ. ನೀರನ್ನೂ ಬದಲಿಸಿ. 220ರ ಒಂದೇ ಒಂದು ಕಣ 1500ರ ಕಾಗದದ ಕೆಳಗೆ ಸಿಕ್ಕರೆ ಎರಡು ಗಂಟೆಯ ಕೆಲಸ ಹಾಳು. ಕಲಬುರಗಿಯ ಬೇಸಿಗೆ ಗಾಳಿಯಲ್ಲಿ ಈ ಕಣ ಎಲ್ಲಿಂದ ಬೇಕಾದರೂ ಹಾರಿ ಬರುತ್ತದೆ. ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, 42 ಡಿಗ್ರಿಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಕೆಟ್ ಇಟ್ಟುಕೊಂಡು ಕೂತ ನನ್ನನ್ನು ನೋಡಿ ಅವ್ವ ಏನೂ ಅನ್ನಲಿಲ್ಲ, ಮಜ್ಜಿಗೆ ಇಟ್ಟು ಹೋದಳು.

ಮೂರನೇ ದಿನ ಬೇಜಾರಾಗಿ 400ರಿಂದ ನೇರ 1000ಕ್ಕೆ ಹಾರಿದೆ. ಮೇಲೆ ನೋಡೋಕೆ ಏನೂ ತಪ್ಪಿಲ್ಲ. 2000 ಮುಗಿಸಿ ಸ್ವಲ್ಪ ಪಾಲಿಶ್ ಹಚ್ಚಿದೆ ನೋಡಿ, 400ರ ಗೆರೆಗಳು ಸಾಲಾಗಿ ಎದ್ದು ನಿಂತವು. ಎಲ್ಲಾ ವಾಪಸ್ 600ಕ್ಕೆ.

ಇದನ್ನು ಬೀದರಿನ ಗೆಳೆಯನಿಗೆ ಫೋನಲ್ಲಿ ಹೇಳಿಕೊಳ್ಳುತ್ತಿದ್ದೆ. ಅವನ ಕಾಕಾ ಬಿದರಿ ಕೆಲಸ ಮಾಡುತ್ತಾರೆ. ಪಕ್ಕದಲ್ಲೇ ಇದ್ದವರು ಫೋನ್ ಇಸ್ಕೊಂಡು "ತಮ್ಮಾ, ಗೆರಿ ನಿನಗ ಕಾಣವಲ್ದು. ಮೊದಲ ಕರ್ರಗ ಮಾಡ್ಕೋ, ಆಮ್ಯಾಲ ತಿಕ್ಕು" ಅಂದರು. ಬಿದರಿ ಪಾತ್ರೆ ಅಂದರೆ ಹೆಚ್ಚು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದದ್ದನ್ನು ಅರದಿಂದ, ಕಾಗದದಿಂದ ನುಣ್ಣಗೆ ಮಾಡಿ ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ, ಆಗ ಉಳಿಯಿಂದ ಕೆತ್ತಿದ ಗೆರೆ ಸ್ಪಷ್ಟ ಕಾಣುತ್ತದೆ. ಈ ಕಪ್ಪು ಬರೀ ಕೆಲಸದ ಮಟ್ಟಿಗೆ. ಬೆಳ್ಳಿ ಕೂರಿಸಿ ಮುಗಿದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಚ್ಚಿ ತರೋ ಕಪ್ಪೇ ಉಳಿಯೋದು, ಅದು ಬೆಳ್ಳಿಗೆ ಹಿಡಿಯೋದಿಲ್ಲ. ನಾವು ಕಪ್ಪು ಹೋಗಲಿ ಅಂತ ಉಜ್ಜುತ್ತೇವೆ, ಅವರು ಕಪ್ಪು ಬರಲಿ ಅಂತ.

ಅಲ್ಯೂಮಿನಿಯಂಗೆ ಮೈಲುತುತ್ತ ಬೇಡ ಅಂತ ನಾನು ಕಪ್ಪು ಪರ್ಮನೆಂಟ್ ಮಾರ್ಕರ್ ತಗೊಂಡು ಇಡೀ ಕವರಿಗೆ ಬಳಿದೆ. ಅದರ ಮೇಲೆ 600 ಎಳೆದೆ. ಸಪಾಟಿದ್ದ ಕಡೆ ಕಪ್ಪು ಒಂದೇ ಸಲಕ್ಕೆ ಹೋಯಿತು, ಗೀರು ತಗ್ಗು ಇದ್ದಲ್ಲಿ ಮಾತ್ರ ಕೂದಲಿನಂಥ ಕಪ್ಪು ಗೆರೆ ಉಳಿಯಿತು. ಲಿವರ್ ಹತ್ತಿರ ಬೂಟು ತಿಕ್ಕಿದ ಜಾಗದಲ್ಲಂತೂ ಗುಬ್ಬಿ ಗೂಡಿನ ಥರ ಗೆರೆ ಮೇಲೆ ಗೆರೆ. ಅವು ಹೋಗೋವರೆಗೆ ಉಜ್ಜು, ಮತ್ತೆ ಬಳಿ, ಮುಂದಿನ ನಂಬರ್. ಇಪ್ಪತ್ತು ರೂಪಾಯಿಯ ಮಾರ್ಕರ್ ನನ್ನ ಒಂದು ವಾರ ಉಳಿಸಿತು. ಎರಡು ಕಡೆ ಸಣ್ಣ ಸೂಜಿ ತೂತು ಹಾಗೇ ಇವೆ. ಅವು ಎರಕದಲ್ಲೇ ಉಳಿದ ಗಾಳಿ ಗುಳ್ಳೆ, ಇನ್ನೂ ಆಳಕ್ಕೆ ಉಜ್ಜಿದರೆ ಇನ್ನೊಂದು ಬಾಯಿ ತೆರೆಯುತ್ತದೆ. ಅಲ್ಲಿಗೆ ಬಿಟ್ಟೆ.

ಚಕ್ರದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಮೊದಲು ಹೊಲಿದ ಬಟ್ಟೆ ಚಕ್ರಕ್ಕೆ ಕಂದು ಸೋಪು (ಪಾಲಿಶ್ ಗಟ್ಟಿ, ತೊಳೆಯೋ ಸೋಪಲ್ಲ), ಆಮೇಲೆ ಸಡಿಲ ಹತ್ತಿ ಚಕ್ರಕ್ಕೆ ಬಿಳಿ ಸೋಪು, ಎರಡೂ ಚಕ್ರ ಬೇರೆ ಬೇರೆ. ಕವರನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ, ಅಂಚು ಸಿಕ್ಕಿಕೊಂಡರೆ ಅದು ನೆಲಕ್ಕೆ ಎಸೆಯಲಿ, ಮುಖಕ್ಕೆ ಬೇಡ. ಬಟ್ಟೆಯ ಕೈಗವಸು ಹಾಕಿದರೆ ಚಕ್ರ ಕೈಯನ್ನೂ ಸೇರಿಸಿ ಎಳೆಯುತ್ತದೆ. ಕಬ್ಬಿಣ ಉಜ್ಜೋ ಗ್ರೈಂಡರ್ ಪಕ್ಕ ಈ ಕೆಲಸ ಮಾಡಲೇಬೇಡಿ, ಅಲ್ಯೂಮಿನಿಯಂ ಪುಡಿಗೆ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ಕೊನೆಯಲ್ಲಿ ಸೋಪಿನ ಜಿಡ್ಡು ಮಂಜಿನಂತೆ ಉಳಿಯುತ್ತದೆ. ಅದಕ್ಕೆ ಒಂದು ಹಿಡಿ ಮೈದಾ ಉದುರಿಸಿ ಹಳೆ ಬನಿಯನ್ನಿಂದ ಒರೆಸಿದೆ. ಮೈದಾ ಜಿಡ್ಡನ್ನು ಹೀರಿಕೊಂಡು ಬೂದು ಬಣ್ಣದ ಪುಡಿಯಾಗಿ ಉದುರಿತು, ಕೆಳಗೆ ನನ್ನ ಮೂಗು, ಕಿಟಕಿಯ ಸರಳು, ಹಿಂದೆ ನಿಂತ ಅವ್ವ ಎಲ್ಲಾ ಕಂಡರು. "ಮೈದಾ ಡಬ್ಬಿ ಯಾರು ಒಯ್ದರು?" ಅಂತ ಕೇಳೋಕೆ ಬಂದಿದ್ದಳು ಅವಳು.

ಲ್ಯಾಕರ್ ಹೊಡೆದಿಲ್ಲ. ಎಂಜಿನ್ ಬಿಸಿಗೆ ಅದು ಹಳದಿಯಾಗಿ ಏಳುತ್ತದೆ. ವ್ಯಾಕ್ಸ್ ಹಚ್ಚಿದ್ದೇನೆ, ತಿಂಗಳಿಗೊಮ್ಮೆ ಕೈಯಲ್ಲೇ ಪಾಲಿಶ್ ಮಾಡಬೇಕು. ಈಗ ಬಲಗಡೆಯ ಆ ಹಳೆ ಬಫಿಂಗ್ ಕವರು ಎಡಗಡೆಯದರ ಪಕ್ಕ ಪೂರಾ ಸಪ್ಪೆ ಕಾಣುತ್ತಿದೆ. ಬಿಚ್ಚಿ ಮಾರ್ಕರ್ ಬಳಿದಿಟ್ಟಿದ್ದೇನೆ. ಮುಂದಿನ ತಿಂಗಳ ರೇಷನ್ ತಂದ ಮೇಲೆ ಶುರು ಮಾಡೋದು.