ಲಾಗ್ ಪುಸ್ತಕದಲ್ಲಿ ‘ಹಿಂದಿನಂತೆ’ ಎಂದು ಬರೆಯುವುದನ್ನು ನಾನು ಏಕೆ ಬಿಟ್ಟೆ

ಬಯಲುಸೀಮೆಯ ಒಂದು 66/11 ಕೆವಿ (ಕಿಲೋವೋಲ್ಟ್) ವಿದ್ಯುತ್ ಉಪಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಪಾಳಿಯ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಗಂಟೆಗೊಮ್ಮೆ ವೋಲ್ಟೇಜು, ಆಂಪಿಯರು, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಬಿಸಿ ಎಲ್ಲವನ್ನೂ ದಾಖಲಿಸುವುದು, ಲೈನ್‌ಮನ್‌ಗಳು ಕೇಳಿದಾಗ ಲೈನ್ ಕ್ಲಿಯರ್ (ವಿದ್ಯುತ್ ನಿಲ್ಲಿಸಿದ ಲೈನಿನಲ್ಲಿ ಕೆಲಸ ಮಾಡಲು ಅನುಮತಿ) ಕೊಡುವುದು, ಹಳ್ಳಿಗಳಿಗೆ ವಿದ್ಯುತ್ ಒಯ್ಯುವ ಲೈನು, ಅಂದರೆ ಫೀಡರ್, ಟ್ರಿಪ್ ಆಗಿ ತಾನಾಗಿ ನಿಂತರೆ ಕಾರಣ ತಿಳಿದುಕೊಂಡು ಮತ್ತೆ ಚಾಲೂ ಮಾಡುವುದು ನಮ್ಮ ದಿನಚರಿ. ಒಂದು ಪಾಳಿಯವರಿಗೂ ಮುಂದಿನ ಪಾಳಿಯವರಿಗೂ ನಡುವೆ ಗಟ್ಟಿಯಾಗಿ ಉಳಿಯುವ ಕೊಂಡಿಯೆಂದರೆ ಲಾಗ್ ಪುಸ್ತಕ. ಬಾಯಲ್ಲಿ ಹೇಳಿದ್ದು ಮನೆಗೆ ಹೊರಡುವ ಅವಸರದಲ್ಲಿ ಅರ್ಧ ಮರೆತುಹೋಗುತ್ತದೆ, ಬರೆದದ್ದು ಮಾತ್ರ ಅಲ್ಲೇ ಇರುತ್ತದೆ. ಆ ಬರವಣಿಗೆಯನ್ನು ಹೇಗೆ ಬರೆಯಬೇಕು ಎಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ ಮತ್ತು ಅದಾದ ಕೆಲವು ತಿಂಗಳ ಮೇಲೆ ಓದಿದ, ನಮ್ಮ ಕೆಲಸಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ದಪ್ಪ ಚಿತ್ರಕಥೆಯ ಸಂಪುಟದಿಂದ.

ಮೊದಲು ತಪ್ಪನ್ನು ಹೇಳುತ್ತೇನೆ. ನಮ್ಮ 11 ಕೆವಿ ಪ್ಯಾನಲ್ಲೊಂದರ ಬ್ರೇಕರಿನಲ್ಲಿ, ಅಂದರೆ ಫೀಡರನ್ನು ಸೇರಿಸಿ ಬಿಡಿಸುವ ದೊಡ್ಡ ಸ್ವಿಚ್ಚಿನಲ್ಲಿ, ಸ್ಪ್ರಿಂಗ್ ಚಾರ್ಜ್ ಮಾಡುವ ಮೋಟಾರು ಸುಟ್ಟುಹೋಗಿತ್ತು. ಬ್ರೇಕರ್ ಕ್ಲೋಸ್ ಆಗಲು, ಅಂದರೆ ಸೇರಿಕೊಂಡು ವಿದ್ಯುತ್ ಹರಿಸಲು, ಬೇಕಾದ ಬಲ ಆ ಸ್ಪ್ರಿಂಗಿನಲ್ಲಿರುತ್ತದೆ. ಮೋಟಾರು ಸರಿ ಇದ್ದರೆ ಪ್ರತಿ ಸಲ ಕ್ಲೋಸ್ ಆದ ಕೂಡಲೇ ಅದು ತಾನಾಗಿ ಸ್ಪ್ರಿಂಗನ್ನು ಎಳೆದು ಸಿದ್ಧವಾಗಿಡುತ್ತದೆ, ಇಲ್ಲದಿದ್ದರೆ ಹ್ಯಾಂಡಲ್ ಹಾಕಿ ಕೈಯಿಂದ ಚಾರ್ಜ್ ಮಾಡಬೇಕು. ಹೊಸ ಮೋಟಾರಿಗೆ ಬರೆದು ಕಳಿಸಿದ ದಿನ ನಾನು ಇದನ್ನೆಲ್ಲ ವಿವರವಾಗಿಯೇ ದಾಖಲಿಸಿದ್ದೆ. ಎರಡನೆಯ ದಿನದಿಂದ ಆ ಸಾಲಿನ ಜಾಗದಲ್ಲಿ ‘ಹಿಂದಿನಂತೆ’ ಎಂದು ಬರೆದೆ. ನನ್ನನ್ನು ನೋಡಿ ಉಳಿದ ಪಾಳಿಯವರೂ ಹಾಗೆಯೇ ಬರೆದರು. ಒಂಬತ್ತನೆಯ ದಿನದ ರಾತ್ರಿ ಪಾಳಿಗೆ ಬೇರೆ ಸ್ಟೇಷನ್ನಿನಿಂದ ಒಬ್ಬ ಕಿರಿಯ ಆಪರೇಟರ್ ಬದಲಿಯಾಗಿ ಬಂದಿದ್ದ. ನಡುರಾತ್ರಿ ದಾಟಿದ ಮೇಲೆ ಅದೇ ಫೀಡರ್ ಅರ್ತ್ ಫಾಲ್ಟ್ (ವಿದ್ಯುತ್ ನೆಲಕ್ಕೆ ಹರಿಯುವ ದೋಷ) ತೋರಿಸಿ ಟ್ರಿಪ್ ಆಯಿತು. ಲೈನ್‌ಮನ್‌ಗಳು ತಂತಿಯ ಮೇಲೆ ಬಿದ್ದಿದ್ದ ಕೊಂಬೆಯನ್ನು ತೆಗೆದು, ಲೈನಿಗೆ ಮತ್ತೆ ವಿದ್ಯುತ್ ಕೊಡಬಹುದೆಂದು ಫೋನಿನಲ್ಲಿ ತಿಳಿಸಿದರು. ಅವನು ಸ್ವಿಚ್ ತಿರುಗಿಸಿದ, ಬ್ರೇಕರ್ ಕ್ಲೋಸ್ ಆಗಲಿಲ್ಲ. ರಿಲೇ ರಿಸೆಟ್ ಮಾಡಿ ನೋಡಿದ, ಡಿಸಿ ಸಪ್ಲೈ ನೋಡಿದ, ಫ್ಯೂಸುಗಳನ್ನು ಕಿತ್ತು ಪರೀಕ್ಷಿಸಿದ. ಲಾಗ್ ಪುಸ್ತಕದ ಎರಡು ಪುಟ ಹಿಂದಕ್ಕೆ ತಿರುವಿದಾಗಲೂ ಅವನಿಗೆ ಸಿಕ್ಕಿದ್ದು ‘ಹಿಂದಿನಂತೆ’, ಅದರ ಮೇಲೆ ಇನ್ನೊಂದು ‘ಹಿಂದಿನಂತೆ’. ಮುಕ್ಕಾಲು ಗಂಟೆಯ ನಂತರ ನನಗೆ ಫೋನ್ ಮಾಡಿ, “ಸಾರ್, ಏನು ಮಾಡಿದರೂ ಕ್ಲೋಸ್ ಆಗ್ತಿಲ್ಲ” ಎಂದ. “ಪ್ಯಾನಲ್ಲಿನ ಕಿಂಡಿಯಲ್ಲಿ ಸ್ಪ್ರಿಂಗಿನ ಗುರುತು ನೋಡಪ್ಪ, ಮೂಲೆಯಲ್ಲಿ ಹ್ಯಾಂಡಲ್ ಇದೆ” ಎಂದೆ. ಎರಡು ನಿಮಿಷದಲ್ಲಿ ಫೀಡರ್ ಚಾಲೂ ಆಯಿತು. ಅಷ್ಟು ಹೊತ್ತು ನಾಲ್ಕು ಹಳ್ಳಿಗಳು ಕತ್ತಲೆಯಲ್ಲಿದ್ದವು. ಯಾರಿಗೂ ಅಪಾಯವಾಗಲಿಲ್ಲ ಎಂಬುದು ದೊಡ್ಡ ಸಮಾಧಾನ. ಆದರೆ ಆ ಹುಡುಗನ ದನಿಯಲ್ಲಿದ್ದ ಗಾಬರಿಗೆ ನಾನೇ ಕಾರಣ ಎಂಬುದು ಬಹಳ ದಿನ ನನ್ನನ್ನು ಕಾಡಿತು.

ಆ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ರಜೆಗೆ ಬಂದವನು ಒಂದು ಸಂಪುಟವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ಯ 15ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ ಕಥೆಯಿಂದ ಹಿಡಿದು, 1963ರ ಮಾರ್ಚಿನಲ್ಲಿ ಆರಂಭವಾದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಸರಣಿಯ ಮೊದಲ 38 ಸಂಚಿಕೆಗಳವರೆಗೆ, ಅಂದರೆ ಚಿತ್ರಕಾರ ಸ್ಟೀವ್ ಡಿಟ್ಕೊ ಮತ್ತು ಕಥೆಗಾರ ಸ್ಟಾನ್ ಲೀ ಕೂಡಿ ಮಾಡಿದ ಅಷ್ಟೂ ಸಂಚಿಕೆಗಳು ಅದರಲ್ಲಿವೆ. ಸಾವಿರ ಪುಟ ಮೀರಿದ ಆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಮಲಗಿ ಓದುವಂತಿಲ್ಲ, ಮೇಜಿನ ಮೇಲೆ ಹರವಿಕೊಂಡೇ ಓದಬೇಕು.

ಮೊದಲ ನೂರು ಪುಟಗಳಲ್ಲಿ ನನಗೆ ಕಿರಿಕಿರಿಯೇ ಹೆಚ್ಚಾಯಿತು. ಮುಂದೆ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಎಂಬ ಹುಡುಗನಿಗೆ ವಿಕಿರಣಗೊಂಡ ಜೇಡ ಕಚ್ಚಿದ್ದು, ಅವನು ಹೋಗಲಿ ಬಿಡು ಎಂದು ತಪ್ಪಿಸಿಕೊಳ್ಳಲು ಬಿಟ್ಟ ಕಳ್ಳನೇ ಅವನ ದೊಡ್ಡಪ್ಪ ಬೆನ್‌ನನ್ನು ಕೊಂದದ್ದು, ದೊಡ್ಡಮ್ಮ ಮೇ ಅವರಿಗೆ ಇವನ ಗುಟ್ಟು ತಿಳಿಯದಿರುವುದು, ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಇದೇ ಈಗ ಹೇಳಿದರಲ್ಲ, ಪುನಃ ಏಕೆ ಎಂದುಕೊಳ್ಳುತ್ತಲೇ ಪುಟ ತಿರುವಿದೆ. ಆಗ ನೆನಪಾದದ್ದು ನಮ್ಮ ‘ಚಂದಮಾಮ’. ಛಲ ಬಿಡದ ತ್ರಿವಿಕ್ರಮ ಮತ್ತೆ ಮರದ ಬಳಿಗೆ ಹೋಗಿ ಶವವನ್ನು ಹೆಗಲಿಗೇರಿಸಿಕೊಂಡು ಸ್ಮಶಾನದತ್ತ ಹೊರಟ ಕಥೆಯನ್ನು ಪ್ರತಿ ತಿಂಗಳೂ ಮೊದಲಿನಿಂದ ಹೇಳಿಯೇ ಬೇತಾಳನ ಹೊಸ ಪ್ರಶ್ನೆಗೆ ಹೋಗುತ್ತಿದ್ದರು. ಅದನ್ನು ಯಾರಾದರೂ ಬೇಸರವೆಂದದ್ದು ನನಗೆ ನೆನಪಿಲ್ಲ, ಏಕೆಂದರೆ ನಾವು ಅದನ್ನು ತಿಂಗಳಿಗೊಮ್ಮೆ ಓದುತ್ತಿದ್ದೆವು ಮತ್ತು ನಡುವೆ ಎಷ್ಟೋ ಸಂಚಿಕೆಗಳು ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ಅಮೆರಿಕದ ಈ ಪುಸ್ತಿಕೆಗಳೂ ಹಾಗೆಯೇ 12 ಸೆಂಟಿಗೆ ಅಂಗಡಿಯ ಸ್ಟ್ಯಾಂಡಿನಲ್ಲಿ ಮಾರಾಟವಾಗುತ್ತಿದ್ದವು. ಈ ತಿಂಗಳ ಸಂಚಿಕೆಯನ್ನು ಕೊಂಡ ಹುಡುಗನಿಗೆ ಕಳೆದ ತಿಂಗಳದ್ದು ಸಿಕ್ಕಿತ್ತು ಎಂಬ ಭರವಸೆ ಬರೆಯುವವರಿಗೆ ಇರಲಿಲ್ಲ. ಒಟ್ಟಿಗೆ ಕಟ್ಟಿದ ಸಂಪುಟವನ್ನು ಒಂದೇ ಸಮನೆ ಓದುವ ನನ್ನಂಥವನಿಗಾಗಿ ಆ ಸಾಲುಗಳನ್ನು ಬರೆದಿರಲಿಲ್ಲ, ನಡುವೆ ಎಲ್ಲೋ ಬಂದು ಕೂಡಿಕೊಂಡವನಿಗಾಗಿ ಬರೆದಿದ್ದರು.

ಅದು ಹೊಳೆದ ಕ್ಷಣ ನನಗೆ ನಮ್ಮ ಲಾಗ್ ಪುಸ್ತಕವೇ ಕಣ್ಣ ಮುಂದೆ ಬಂದಿತು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ತಪಾಸಣೆಗೆ ಬರುವ ಮೇಲಧಿಕಾರಿಗಳು ಮಾತ್ರ. ಅವರ ಕಣ್ಣಿಗೆ ಒಂದೇ ವಾಕ್ಯ ಮೂವತ್ತು ಸಲ ಕಂಡರೆ ಅಂದಗೆಟ್ಟಂತೆ ಕಾಣಬಹುದು. ಆದರೆ ಪುಸ್ತಕದಿಂದ ನಿಜವಾಗಿ ಕೆಲಸವಾಗಬೇಕಾದದ್ದು ರಾತ್ರಿ ಒಂದೂವರೆಗೆ, ಹೊರಗಿನ ಫೋನ್ ಬಡಿದುಕೊಳ್ಳುತ್ತಿರುವಾಗ, ಇವತ್ತಿನ ಪುಟವೊಂದನ್ನೇ ತೆರೆದು ನಿಂತವನಿಗೆ. ನಾನು ಇಷ್ಟು ವರ್ಷ ಗೊತ್ತಿಲ್ಲದೆಯೇ ಮೇಲಧಿಕಾರಿಗಳಿಗಾಗಿ ಬರೆಯುತ್ತಿದ್ದೆ.

ಹಾಗೆಂದು ಹಳೆಯದನ್ನೆಲ್ಲ ಎಲ್ಲೆಡೆ ತುಂಬುವುದೂ ಸರಿಯಲ್ಲ. ಈ ಸಂಪುಟದಲ್ಲೂ ಮಾತು ಅಗತ್ಯ ಮೀರಿದ ಪುಟಗಳಿವೆ; ಚಿತ್ರದಲ್ಲಿ ಕಾಣುವುದನ್ನೇ ಗುಳ್ಳೆಯೊಳಗಿನ ಮಾತು ಇನ್ನೊಮ್ಮೆ ಹೇಳುತ್ತದೆ. ಎಲ್ಲಿ, ಎಷ್ಟು ಹೇಳಬೇಕೆಂಬುದನ್ನು ನನಗೆ ತೋರಿಸಿದ್ದು 1965ರ ಡಿಸೆಂಬರಿನಿಂದ 1966ರ ಫೆಬ್ರವರಿಯವರೆಗೆ ಬಂದ 31, 32 ಮತ್ತು 33ನೇ ಸಂಚಿಕೆಗಳು. ದೊಡ್ಡಮ್ಮ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾರೆ, ರಕ್ತದಲ್ಲಿ ವಿಕಿರಣದ ಅಂಶ ಕಂಡುಬಂದಿದೆ. ಅದು ಅಲ್ಲಿಗೆ ಬಂದದ್ದು ಹಿಂದೊಮ್ಮೆ ಪೀಟರ್ ಅವರಿಗೆ ತನ್ನ ರಕ್ತ ಕೊಟ್ಟಿದ್ದರಿಂದ. ಆ ರಕ್ತದಾನ ನಡೆದದ್ದು 1964ರ ಮಾರ್ಚಿನ 10ನೇ ಸಂಚಿಕೆಯಲ್ಲಿ. ಅಲ್ಲಿಂದ 32ನೇ ಸಂಚಿಕೆಯವರೆಗೆ 22 ತಿಂಗಳು ಕಳೆದಿವೆ. ಇಲ್ಲಿ ‘ಹಿಂದಿನಂತೆ’ ಎಂದುಬಿಟ್ಟರೆ ಇಡೀ ಕಥೆಯೇ ಕುಸಿಯುತ್ತದೆ. ಹಾಗಾಗಿ ನಡೆದದ್ದನ್ನು, ಅದು ಬೇಕಾದ ಜಾಗದಲ್ಲಿಯೇ, ಬೇಕಾದಷ್ಟೇ ಮಾತಿನಲ್ಲಿ ಪೀಟರನ ಬಾಯಿಂದ ಹೇಳಿಸಿದ್ದಾರೆ. ಹಳೆಯ ಸಂಚಿಕೆ ಕೈಯಲ್ಲಿಲ್ಲದವನಿಗೂ ಅವನ ಸಂಕಟ ಪೂರ್ತಿಯಾಗಿ ಅರ್ಥವಾಗುತ್ತದೆ.

33ನೇ ಸಂಚಿಕೆಯ ಆರಂಭದ ಪುಟಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಸ್ಪೈಡರ್‌ಮ್ಯಾನ್ ಬೆಟ್ಟದಷ್ಟು ಭಾರದ ಯಂತ್ರದಡಿ ಸಿಕ್ಕಿಬಿದ್ದಿದ್ದಾನೆ, ಮೇಲಿನಿಂದ ನೀರು ಸೋರುತ್ತಿದೆ, ದೊಡ್ಡಮ್ಮನನ್ನು ಉಳಿಸಬಲ್ಲ ಔಷಧದ ಡಬ್ಬಿ ಅವನ ಕಣ್ಣೆದುರೇ ಇದ್ದರೂ ಕೈಗೆ ಎಟುಕದು. ಸೋಲೊಪ್ಪುವ ಹಂತದಲ್ಲಿ ಅವನ ಮನಸ್ಸಿಗೆ ದೊಡ್ಡಪ್ಪ ಮತ್ತು ದೊಡ್ಡಮ್ಮನ ಮುಖಗಳು ಬರುತ್ತವೆ. ಒಮ್ಮೆ ದೊಡ್ಡಪ್ಪನ ವಿಷಯದಲ್ಲಿ ಸೋತೆ, ಮತ್ತೊಮ್ಮೆ ಸೋಲಲಾರೆ ಎಂಬ ಭಾವ. ಡಿಟ್ಕೊ ಚಿತ್ರದ ಚೌಕಗಳನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸುತ್ತ ಹೋಗಿ, ಅವನು ಭಾರವನ್ನು ಎತ್ತಿಯೇಬಿಡುವ ಗಳಿಗೆಗೆ ಇಡೀ ಪುಟವನ್ನು ಕೊಟ್ಟಿದ್ದಾನೆ. 1962ರ ಮೊದಲ ಕಥೆಯ ಸಂಗತಿ ಅಲ್ಲಿ ಬರಿಯ ಪುನರುಕ್ತಿಯಾಗಿ ಬರುವುದಿಲ್ಲ. ಆ ಭಾರವನ್ನು ಎತ್ತುವುದೇ ಆ ನೆನಪು.

ಇನ್ನೊಂದು ಸಣ್ಣ ವಿಷಯವೂ ನನ್ನ ಕೆಲಸಕ್ಕೆ ಹತ್ತಿರದ್ದು. ಸರಣಿಯ ಮೊದಲ ಸಂಚಿಕೆಯಲ್ಲಿಯೇ ಪೀಟರ್ ಪಾರ್ಕರನ ಹೆಸರು ‘ಪೀಟರ್ ಪಾಮರ್’ ಎಂದು ಬಿದ್ದಿದೆ. ಅದೇ ಬಳಗದ ‘ಫೆಂಟಾಸ್ಟಿಕ್ ಫೋರ್’ನ 25ನೇ ಸಂಚಿಕೆಯಲ್ಲಿ, ಹಲ್ಕ್ ಆಗಿ ಬದಲಾಗುವ ವಿಜ್ಞಾನಿ ಬ್ರೂಸ್ ಬ್ಯಾನರ್ ‘ಬಾಬ್ ಬ್ಯಾನರ್’ ಆಗಿಬಿಟ್ಟ. ಓದುಗರು ಹಿಡಿದಾಗ ಸ್ಟಾನ್ ಲೀ ಅದನ್ನು ಮುಚ್ಚಿಡದೆ, 28ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಅವನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ತಿಳಿಸಿ ಸರಿಪಡಿಸಿದರು. ನಮ್ಮಲ್ಲಿಯೂ ತಪ್ಪು ಅಂಕಿಯ ಮೇಲೆಯೇ ತಿದ್ದಿ ಬರೆಯಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಬೇಕು ಎಂದು ಸೇವೆಗೆ ಸೇರಿದ ದಿನವೇ ನನ್ನ ಹಿರಿಯರು ಹೇಳಿಕೊಟ್ಟಿದ್ದರು. ಹಳೆಯ ತಪ್ಪು ಕಾಣುವಂತಿದ್ದರೆ ಮಾತ್ರ ಹೊಸ ಅಂಕಿಯನ್ನು ನಂಬಲು ಸಾಧ್ಯ.

ಈಗ ನಾನು ಪಾಳಿ ವಹಿಸಿಕೊಟ್ಟಾಗ, ಬಾಕಿ ಉಳಿದ ಪ್ರತಿಯೊಂದು ದೋಷಕ್ಕೂ ಯಾವ ಉಪಕರಣ, ಯಾವ ದಿನದಿಂದ, ಈಗ ಹೇಗಿದೆ, ಬಂದವನು ಏನು ಮಾಡಬೇಕು ಎಂಬುದನ್ನು ಪೂರ್ಣ ವಾಕ್ಯದಲ್ಲಿ ಹೊಸದಾಗಿ ಬರೆಯುತ್ತೇನೆ. ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಮೂರು ಪಾಳಿಯವರೂ ಒಪ್ಪಲು ಒಂದೆರಡು ತಿಂಗಳು ಬೇಕಾಯಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು “ಒಂದೇ ವಿಷಯ ಎಷ್ಟು ಸಲ ಬರೀತೀರಿ?” ಎಂದು ಕೇಳಿದಾಗ, ಆ ರಾತ್ರಿಯ ಪುಟವನ್ನು ತೆಗೆದು ಅವರ ಮುಂದಿಟ್ಟೆ. ಅವರು ಓದಿ, ಏನೂ ಹೇಳದೆ ಸಹಿ ಹಾಕಿದರು.

ಕಳೆದ ತಿಂಗಳು ಅದೇ ಕಿರಿಯ ಆಪರೇಟರ್ ನಮ್ಮ ಸ್ಟೇಷನ್ನಿಗೇ ವರ್ಗವಾಗಿ ಬಂದಿದ್ದಾನೆ. ಮೊನ್ನೆ ಬೆಳಿಗ್ಗೆ ಆರಕ್ಕೆ ನಾನು ಅವನಿಂದ ಪಾಳಿ ವಹಿಸಿಕೊಂಡೆ. ಪುಸ್ತಕದ ಕೊನೆಯ ಸಾಲು ಅವನ ದುಂಡು ಅಕ್ಷರದಲ್ಲಿ ಹೀಗಿತ್ತು: “ಎರಡನೇ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಚೇಂಜರ್ ಸೋಮವಾರದಿಂದ ಕಂಟ್ರೋಲ್ ರೂಮಿನಿಂದ ಕೆಲಸ ಮಾಡುತ್ತಿಲ್ಲ. ಈಗ ಐದನೇ ಟ್ಯಾಪಿನಲ್ಲಿದೆ. ಬದಲಿಸಬೇಕಾದರೆ ಯಾರ್ಡಿಗೆ ಹೋಗಿ ಅಲ್ಲಿನ ಪೆಟ್ಟಿಗೆಯಿಂದಲೇ ಬದಲಿಸಬೇಕು, ಬೀಗದ ಕೈ ಕೀ ಬೋರ್ಡಿನ ಮೂರನೇ ಕೊಕ್ಕೆಯಲ್ಲಿದೆ.” ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನು ಏರಿಸಿ ಇಳಿಸುವ ಆ ಸಾಧನದ ಬಗ್ಗೆ ಸೋಮವಾರದಿಂದ ಅದು ಹತ್ತನೆಯ ಬಾರಿ ಬರೆದ ಸಾಲು. ನಾನು ಕೊಕ್ಕೆಯತ್ತ ನೋಡಿದೆ, ಬೀಗದ ಕೈ ಅಲ್ಲೇ ಇತ್ತು.