ಅಮ್ಮನ ಹೆಬ್ಬೆರಳು, ಬೆಚ್ಚಗಿನ ಎಳ್ಳೆಣ್ಣೆ

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ಬರುತ್ತೇನೆ, ಒಂದೇ ಹೆಗಲಿಗೆ ಬ್ಯಾಗು, ಹಾಗಾಗಿ ಕುತ್ತಿಗೆಯ ಎಡಗಡೆ ಬುಡದಲ್ಲಿ ಒಂದು ಗಂಟು ಯಾವಾಗಲೂ ಇರುತ್ತದೆ. ಊರಿಂದ ಬಂದಿರುವ ಅಮ್ಮ ನಿನ್ನೆ ಪುಟ್ಟ ಕಂಚಿನ ಬಟ್ಟಲಲ್ಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಹೆಬ್ಬೆರಳನ್ನು ಸರಿಯಾಗಿ ಆ ಗಂಟಿನ ಮೇಲಿಟ್ಟಳು. ಉಜ್ಜಲಿಲ್ಲ, ಸುಮ್ನೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬಂತು, ಆಮೇಲೆ ಹೆಗಲು ತಾನಾಗಿಯೇ ಕೆಳಗಿಳಿಯಿತು. ಕೊನೆಗೆ ಸೀಗೆಪುಡಿ, ಬಿಸಿನೀರು.

ಡೀಪ್ ಟಿಶ್ಯೂ ಮಸಾಜ್ ಅಂತಾರಲ್ಲ, ಅದೂ ಹೆಚ್ಚುಕಮ್ಮಿ ಹೀಗೇ ಅಲ್ವಾ, ನಿಧಾನವಾಗಿ ಒಳಗಿನ ಸ್ನಾಯುವಿನವರೆಗೆ ಒತ್ತುವುದು. ಸ್ವೀಡಿಷ್ ಬೇರೆ, ಉದ್ದಕ್ಕೆ ಹಗುರಾಗಿ ನೀವುತ್ತಾರೆ, ಮೈ ಸಡಿಲ ಆಗುತ್ತದೆ. ಥಾಯ್‌ನಲ್ಲಿ ಎಣ್ಣೆಯೇ ಇಲ್ಲ, ಬಟ್ಟೆ ಹಾಕಿಕೊಂಡೇ ಚಾಪೆ ಮೇಲೆ ಮಲಗಿಸಿ ಕೈಕಾಲು ಎಳೆದು ಬಗ್ಗಿಸುತ್ತಾರೆ. 2019ರಲ್ಲಿ ಯುನೆಸ್ಕೋ ಅದನ್ನು ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ನಮ್ಮ ಅಭ್ಯಂಜನಕ್ಕೂ ಅಷ್ಟೇ ಮರ್ಯಾದೆ ಸಿಗಬೇಕು, ನಾವೇ ಅದನ್ನು ದೀಪಾವಳಿಗೆ ಮಾತ್ರ ಇಟ್ಟುಬಿಟ್ಟಿದ್ದೇವೆ.

ಇನ್ನೊಂದು ಮಾತು, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಉಜ್ಜಿಸಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ಡಾಕ್ಟರಿಗೆ ತೋರಿಸಿ.

ಅಮ್ಮ ಇನ್ನೂ 10 ದಿನ ಇರುತ್ತಾಳೆ. ಇವತ್ತು ಅವಳ ಮಂಡಿಗೆ ಎಣ್ಣೆ ಹಚ್ಚುವುದು ನಾನು.